ಕ್ಯಾಮೆರಾಕ್ಕೆ ಕಾರ್ಡ್ ಕೊಳ್ಳುವ ಮುನ್ನ

ಡಿಜಿಟಲ್ ಕ್ಯಾಮೆರಾ ಹೊಸದಾಗಿ ಕೈಗೆ ಬಂದ ಕೃಷಿಕ ಮಿತ್ರರು ನನ್ನಲ್ಲಿ ಮೊದಲು ಕೇಳುವುದು, "ಇದಕ್ಕೆ ಯಾವ ಕಾರ್ಡ್ ಹಾಕುವುದು?" ಎಂದು. ಪೇಟೆಯ ಅಂಗಡಿಯಲ್ಲಿ ಕೇಳಿದರೆ ಉತ್ತರ ಸುಲಭ. "ದೊಡ್ಡದೇ ಹಾಕಿ ಅಣ್ಣ, ಮತ್ತೆ ತಲೆಬಿಸಿ ಇಲ್ಲ." ತಲೆಬಿಸಿ ಹೆಚ್ಚಾಗಿ ಶುರುವಾಗುವುದೇ ಅಲ್ಲಿಂದ. ನಮ್ಮಂಥವರ ಕ್ಯಾಮೆರಾಕ್ಕೆ ಬೇಕಾದದ್ದು ದೊಡ್ಡ ಕಾರ್ಡೂ ಅಲ್ಲ, ವೇಗದ ಕಾರ್ಡೂ ಅಲ್ಲ. ಕ್ಯಾಮೆರಾ ಒಪ್ಪುವ, ಅಸಲಿಯಾದ, ಸಣ್ಣ ಎರಡು ಕಾರ್ಡ್. ಯಾಕೆ ಹಾಗೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊಬೈಲ್ ಇರುವಾಗ ಕ್ಯಾಮೆರಾ ಎಂತಕ್ಕೆ ಎಂದು ಕೇಳಬಹುದು. ಐವತ್ತು ಅಡಿ ಎತ್ತರದ ಅಡಿಕೆ ಮರದ ಹಿಂಗಾರ ಒಣಗಿದ್ದನ್ನು ನೆಲದಲ್ಲಿ ನಿಂತು ಮೊಬೈಲಿನಲ್ಲಿ ತೆಗೆದು ನೋಡಿ. ಕಂದು ಬಣ್ಣದ ಒಂದು ಮಸಿ ಸಿಗುತ್ತದೆ, ಅಷ್ಟೆ. ಲೆನ್ಸೇ ಮುಂದೆ ಚಾಚಿ ದೂರದ್ದನ್ನು ಹತ್ತಿರ ತರುವ ಸಾದಾ ಕ್ಯಾಮೆರಾದಲ್ಲಿ ಅದೇ ಹಿಂಗಾರದ ಎಳೆ ಎಳೆ ಕಾಣುತ್ತದೆ. ಎಲೆಚುಕ್ಕಿ ರೋಗ ಬಂದ ಸೋಗೆಯನ್ನು ವಿಟ್ಲದ ಸಿಪಿಸಿಆರ್‌ಐಯವರಿಗೆ ತೋರಿಸಬೇಕಿದ್ದರೆ ಮರ ಹತ್ತುವವರಿಗಾಗಿ ವಾರ ಕಾಯಬೇಕಾಗಿಲ್ಲ. ಇನ್ನೊಂದು ಕಾರಣವೂ ಉಂಟು. ಬೆಂಗಳೂರಿನಲ್ಲಿರುವ ಅಳಿಯ, ತಮ್ಮನ ಮಗ ಮುಂತಾದವರು ಹತ್ತು ಹದಿನೈದು ವರ್ಷ ಹಿಂದೆ ಕೊಂಡು ಕಪಾಟಿನಲ್ಲಿ ಮರೆತ ಕ್ಯಾಮೆರಾಗಳು ಈಗ ಊರಿಗೆ ಬರುತ್ತಿವೆ. ನಮ್ಮ ಆಸುಪಾಸಿನಲ್ಲೇ ನಾಲ್ಕು ಬಂದಿವೆ. ಕ್ಯಾಮೆರಾ ಬರುತ್ತದೆ, ಚಾರ್ಜರ್ ಬರುತ್ತದೆ. ಕಾರ್ಡ್ ಮಾತ್ರ ಎಲ್ಲೋ ಕಳೆದುಹೋಗಿರುತ್ತದೆ.

ಕಾರ್ಡ್ ಅಂದರೆ ಪತ್ತಾಯ

ಹಿಂದಿನ ಕ್ಯಾಮೆರಾದಲ್ಲಿ ರೀಲು ಇತ್ತು. 36 ಫೋಟೋ ಆದರೆ ಮುಗಿಯಿತು, ತೊಳೆಸಲು ಪೇಟೆಗೆ ಹೋಗಬೇಕು. ಡಿಜಿಟಲ್ ಕ್ಯಾಮೆರಾದಲ್ಲಿ ಆ ಜಾಗಕ್ಕೆ ಬಂದದ್ದು ಮೆಮೊರಿ ಕಾರ್ಡ್. ಅಂಚೆಚೀಟಿಯಷ್ಟು ದೊಡ್ಡ, ಒಂದು ಮೂಲೆ ಕತ್ತರಿಸಿದ ಪ್ಲಾಸ್ಟಿಕ್ ತುಂಡು. ಒಳಗಿರುವುದು ಮುಖ್ಯವಾಗಿ ಎರಡು ವಸ್ತು. ಒಂದು, ಕರೆಂಟು ಇಲ್ಲದಿದ್ದರೂ ನೆನಪು ಇಟ್ಟುಕೊಳ್ಳುವ ಚಿಪ್. ಈ ಜಾತಿಯ ಚಿಪ್ಪನ್ನು 1980ರ ದಶಕದಲ್ಲಿ ಜಪಾನಿನ ತೋಶಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕ ಎಂಬ ಎಂಜಿನಿಯರ್ ರೂಪಿಸಿದರು. ಇನ್ನೊಂದು, ಅದರ ಲೆಕ್ಕ ನೋಡಿಕೊಳ್ಳುವ ಪುಟ್ಟ ಚಿಪ್.

ನಮ್ಮ ಹಳೆ ಮನೆಗಳ ಪತ್ತಾಯ ನೆನಪು ಮಾಡಿಕೊಳ್ಳಿ. ಭತ್ತ ತುಂಬುವ ಮರದ ಪೆಟ್ಟಿಗೆ ಮೊದಲನೆಯ ಚಿಪ್. ಎಷ್ಟು ಮುಡಿ ಒಳಗೆ ಹೋಯಿತು, ಯಾವ ಗದ್ದೆಯದ್ದು ಯಾವ ಖಾನೆಯಲ್ಲಿ ಉಂಟು ಎಂದು ಬರೆದಿಡುವ ಲೆಕ್ಕದವ ಎರಡನೆಯದು. ಕ್ಯಾಮೆರಾ ನೇರವಾಗಿ ಪತ್ತಾಯದ ಬಾಗಿಲು ತೆಗೆಯುವುದಿಲ್ಲ, ಲೆಕ್ಕದವನಲ್ಲಿ ಕೇಳುತ್ತದೆ. ಅವನು "ಜಾಗ ಉಂಟು" ಎಂದರೆ ಕ್ಯಾಮೆರಾ ನಂಬುತ್ತದೆ. ಈ ಮಾತನ್ನು ನೆನಪಿನಲ್ಲಿಡಿ, ನಕಲಿ ಕಾರ್ಡಿನ ವಿಷಯ ಬರುವಾಗ ಬೇಕಾಗುತ್ತದೆ.

ಮೊದಲು ಜಾತಿ ನೋಡಿ

ತೀರಾ ಹಳೆಯ ಕ್ಯಾಮೆರಾವಾದರೆ ಕಾರ್ಡಿನ ಆಕಾರವೇ ಬೇರೆ ಇರಬಹುದು. 1994ರಲ್ಲಿ ಬಂದ ಕಾಂಪ್ಯಾಕ್ಟ್‌ಫ್ಲಾಶ್ ಬೆಂಕಿಪೊಟ್ಟಣಕ್ಕಿಂತ ತುಸು ಸಣ್ಣದು, ಚಪ್ಪಟೆ. ಸೋನಿಯವರದ್ದು ಉದ್ದನೆಯ ಮೆಮೊರಿ ಸ್ಟಿಕ್. 2010ರ ತನಕ ಅವರ ಸಣ್ಣ ಕ್ಯಾಮೆರಾಗಳು ಹೆಚ್ಚಾಗಿ ಅದನ್ನೇ ಕೇಳುತ್ತಿದ್ದವು, ಆಮೇಲೆ ಎಲ್ಲರೂ ಬಳಸುವ ಎಸ್‌ಡಿ ಕಾರ್ಡನ್ನೂ ಒಪ್ಪಿದವು. ಒಲಿಂಪಸ್ ಮತ್ತು ಫ್ಯೂಜಿ ಸೇರಿ 2002ರಲ್ಲಿ ತಂದ ಎಕ್ಸ್‌ಡಿ ಕಾರ್ಡ್ ಈಗ ತಯಾರಾಗುವುದೇ ಇಲ್ಲ. ಎಕ್ಸ್‌ಡಿ ಮಾತ್ರ ಹಿಡಿಯುವ ಕ್ಯಾಮೆರಾವನ್ನು ಯಾರಾದರೂ ಕಾರ್ಡ್ ಇಲ್ಲದೆ ಕ್ರಯಕ್ಕೆ ಕೊಡುತ್ತೇನೆ ಎಂದರೆ ಬೇಡ ಎನ್ನಿ. ಪುಕ್ಕಟೆ ಕೊಟ್ಟರೂ ಕಾರ್ಡ್ ಹುಡುಕುವ ಖರ್ಚು ನಿಮ್ಮದು.

ಉಳಿದ ಬಹುಪಾಲು ಸಾದಾ ಕ್ಯಾಮೆರಾಗಳು ಎಸ್‌ಡಿ ಜಾತಿಯವು. 1999ರಲ್ಲಿ ಪ್ಯಾನಾಸೋನಿಕ್, ಸ್ಯಾನ್‌ಡಿಸ್ಕ್, ತೋಶಿಬಾ ಮೂರೂ ಸೇರಿ ಮಾಡಿದ ಮಾದರಿ ಇದು. ಗೊಂದಲ ಇರುವುದು ಇದರಲ್ಲೇ. ಆಕಾರ ಒಂದೇ, 32 ಮಿಲಿಮೀಟರ್ ಉದ್ದ, 24 ಅಗಲ. ಆದರೆ ಒಳಗಿನ ತಳಿ ಬೇರೆ ಬೇರೆ. ಮೊದಲ ತಳಿ ಬರೀ ಎಸ್‌ಡಿ, 2 ಜಿಬಿ ತನಕ. 2006ರಲ್ಲಿ ಬಂದದ್ದು ಎಸ್‌ಡಿಹೆಚ್‌ಸಿ. ಇದು 2 ಜಿಬಿಗಿಂತ ಮೇಲೆ, 32 ಜಿಬಿ ತನಕ. 2009ರಲ್ಲಿ ಬಂದದ್ದು ಎಸ್‌ಡಿಎಕ್ಸ್‌ಸಿ. ಇದು 32ಕ್ಕಿಂತ ಮೇಲೆ, 2 ಟಿಬಿ ತನಕ. 64 ಜಿಬಿ, 128 ಜಿಬಿ ಎಂದು ಅಂಗಡಿಯಲ್ಲಿ ನೇತಾಡುವುದೆಲ್ಲ ಈ ಮೂರನೆಯ ತಳಿ.

ಮೂರೂ ತಳಿ ಎಲ್ಲ ಕ್ಯಾಮೆರಾದ ತೂತಿಗೂ ಸಲೀಸಾಗಿ ಹೋಗುತ್ತವೆ. ಹೋಗುತ್ತವೆ ಎಂದ ಮಾತ್ರಕ್ಕೆ ಕೆಲಸ ಮಾಡುತ್ತವೆ ಎಂದಲ್ಲ. ಲೆಕ್ಕ ಬರೆಯುವ ಪದ್ಧತಿ ಮೂರರದ್ದೂ ಬೇರೆ. ಹೊಸ ಕ್ಯಾಮೆರಾಕ್ಕೆ ಹಳೆ ಪದ್ಧತಿ ಓದಲು ಬರುತ್ತದೆ, ಹಳೆ ಕ್ಯಾಮೆರಾಕ್ಕೆ ಹೊಸ ಪದ್ಧತಿ ಬರುವುದಿಲ್ಲ. 2004ರ ಕ್ಯಾಮೆರಾಕ್ಕೆ 32 ಜಿಬಿ ಕಾರ್ಡ್ ಹಾಕಿದರೆ ಪರದೆಯಲ್ಲಿ "ಕಾರ್ಡ್ ಸರಿ ಇಲ್ಲ" ಎಂಬರ್ಥದ ಸಾಲು ಬರುತ್ತದೆ. ಕಾರ್ಡ್ ಕೆಟ್ಟದ್ದಲ್ಲ, ಕ್ಯಾಮೆರಾವೂ ಕೆಟ್ಟದ್ದಲ್ಲ. ಇಬ್ಬರಿಗೆ ಪರಸ್ಪರ ಭಾಷೆ ಬರುವುದಿಲ್ಲ, ಅಷ್ಟೆ. ಇಂಥ ಸಂದರ್ಭದಲ್ಲಿ ಕ್ಯಾಮೆರಾ ಹಾಳಾಗಿದೆ ಎಂದು ಗುಜರಿಗೆ ಹಾಕಿದವರನ್ನು ನಾನು ಕಂಡಿದ್ದೇನೆ.

ನಿಮ್ಮ ಕ್ಯಾಮೆರಾ ಯಾವ ತಳಿಯನ್ನು ಒಪ್ಪುತ್ತದೆ ಎಂದು ತಿಳಿಯುವುದು ಹೇಗೆ? ಕಾರ್ಡ್ ಹಾಕುವ ಬಾಗಿಲ ಬಳಿ ಗುರುತು ನೋಡಿ. ಬರೀ ಎಸ್‌ಡಿ ಎಂದಿದೆಯೋ, ಅದರ ಬಳಿ ಹೆಚ್‌ಸಿ ಉಂಟೋ, ಎಕ್ಸ್‌ಸಿ ಉಂಟೋ. ಗುರುತು ಇಲ್ಲದಿದ್ದರೆ, ಅಳಿಸಿಹೋಗಿದ್ದರೆ, ತಳಭಾಗದಲ್ಲಿರುವ ಮಾದರಿ ಸಂಖ್ಯೆಯನ್ನು ಮೊಬೈಲಿನಲ್ಲಿ ಹುಡುಕಿದರೆ ಕೈಪಿಡಿ ಸಿಗುತ್ತದೆ. ಅಂದಾಜು ಲೆಕ್ಕ ಬೇಕಿದ್ದರೆ 2006ಕ್ಕಿಂತ ಮೊದಲಿನ ಕ್ಯಾಮೆರಾಕ್ಕೆ 2 ಜಿಬಿ ಅಥವಾ ಅದಕ್ಕಿಂತ ಸಣ್ಣದು. ಅಲ್ಲಿಂದ 2010ರ ತನಕದ್ದಕ್ಕೆ 32 ಜಿಬಿ ಮೀರದಂತೆ. ಆ ನಂತರದ್ದಕ್ಕೆ ಹೆಚ್ಚಾಗಿ ಯಾವುದೂ ಆಗುತ್ತದೆ. 64 ಜಿಬಿಯನ್ನು ಕಂಪ್ಯೂಟರಿನಲ್ಲಿ ಹಳೆ ಪದ್ಧತಿಗೆ ಬದಲಿಸಿ ಹಾಕುವ ಉಪಾಯವೂ ಉಂಟು. ಕೆಲವು ಕ್ಯಾಮೆರಾ ಒಪ್ಪುತ್ತವೆ, ಕೆಲವು ಅರ್ಧ ದಾರಿಯಲ್ಲಿ ಕೈಕೊಡುತ್ತವೆ. ನನ್ನ ಮಟ್ಟಿಗೆ ಅದು ಬೇಡದ ಸರ್ಕಸ್ಸು.

2 ಜಿಬಿ ಕಾರ್ಡ್ ಈಗ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. ಮನೆಯ ಡ್ರಾಯರಿನಲ್ಲಿ ಬಿದ್ದಿರುವ ಹಳೆ ಬಟನ್ ಮೊಬೈಲುಗಳನ್ನು ಒಮ್ಮೆ ಬಿಚ್ಚಿ ನೋಡಿ. 1 ಜಿಬಿ, 2 ಜಿಬಿಯ ಉಗುರಿನಷ್ಟು ದೊಡ್ಡ ಕಾರ್ಡ್ ಅದರಲ್ಲಿ ಇರುವುದುಂಟು. ಎಸ್‌ಡಿ ಆಕಾರದ ಹೊದಿಕೆಯೊಳಗೆ ಅದನ್ನು ಸೇರಿಸಿದರೆ ಹಳೆ ಕ್ಯಾಮೆರಾಕ್ಕೆ ಸಾಕು. 5 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಫೋಟೋ ಎರಡೂವರೆ ಎಂಬಿ ಎಂದಿಟ್ಟರೂ 2 ಜಿಬಿಯಲ್ಲಿ 800 ಫೋಟೋ ಹಿಡಿಯುತ್ತದೆ. ರೀಲಿನ ಲೆಕ್ಕದಲ್ಲಿ 22 ರೀಲು!

ಎಷ್ಟು ಜಿಬಿ ಸಾಕು?

ಇದಕ್ಕೆ ಅಂಗಡಿಯವರಲ್ಲ, ನಮ್ಮ ತೋಟ ಉತ್ತರ ಹೇಳಬೇಕು. ನಾನು ವರ್ಷಕ್ಕೆ ತೆಗೆಯುವುದು ಹೆಚ್ಚೆಂದರೆ ಸಾವಿರದೈನೂರು ಫೋಟೋ. ಹಿಂಗಾರ, ಕೊಳೆರೋಗ, ಕಾಳುಮೆಣಸಿನ ಕೊತ್ತು, ಕಸಿ ಕಟ್ಟಿದ ಗಿಡ, ಹಲಸಿನ ಸೊಳೆ, ಮದುವೆ ಮುಂಜಿ ಎಲ್ಲ ಸೇರಿ. 16 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಒಂದು ಫೋಟೋ ಸರಾಸರಿ 5 ಎಂಬಿ. ಒಟ್ಟು ಏಳೂವರೆ ಜಿಬಿ. ಅಂದರೆ 16 ಜಿಬಿ ಕಾರ್ಡಿನಲ್ಲಿ ಎರಡು ವರ್ಷದ ಫೋಟೋ ಹಿಡಿಯುತ್ತದೆ. 32 ಜಿಬಿಯಲ್ಲಿ ಆರು ಸಾವಿರದ ಹತ್ತಿರ. 128 ಜಿಬಿ ಯಾರಿಗೆ ಬೇಕು, ಹೇಳಿ?

ವಿಡಿಯೋ ತೆಗೆಯುವವರ ಲೆಕ್ಕ ಬೇರೆ. ಸಾದಾ ಕ್ಯಾಮೆರಾದ ಫುಲ್ ಹೆಚ್‌ಡಿ ವಿಡಿಯೋ ಒಂದು ಸೆಕೆಂಡಿಗೆ ಸುಮಾರು 3 ಎಂಬಿ ನುಂಗುತ್ತದೆ. 32 ಜಿಬಿಯಲ್ಲಿ ಹೆಚ್ಚುಕಡಿಮೆ ಮೂರು ಗಂಟೆ. ಕಸಿ ಕಟ್ಟುವ ಕ್ರಮ, ಪಂಪು ಬಿಚ್ಚಿ ಜೋಡಿಸುವುದು ಇಂಥದ್ದನ್ನು ತೆಗೆಯಲು ಧಾರಾಳ ಆಯಿತು. 32 ಜಿಬಿ ತನಕದ ಕಾರ್ಡಿನಲ್ಲಿ ಒಂದು ಕಡತ 4 ಜಿಬಿ ಮೀರಲು ಸಾಧ್ಯವಿಲ್ಲ. ಹಾಗಾಗಿ ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ವಿಡಿಯೋ ತುಂಡಾದರೆ ಅಥವಾ ನಿಂತರೆ ಹೆದರಬೇಡಿ.

ಇನ್ನೊಂದು ಸಂಶಯ ಹಲವರಿಗೆ ಬರುತ್ತದೆ. 32 ಜಿಬಿ ಎಂದು ಬರೆದ ಕಾರ್ಡ್ ಕಂಪ್ಯೂಟರಿನಲ್ಲಿ 29.8 ಎಂದೋ 29.7 ಎಂದೋ ತೋರಿಸುತ್ತದೆ. ಎರಡು ಜಿಬಿ ಯಾರು ಕದ್ದರು? ಯಾರೂ ಕದಿಯಲಿಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ಕಂಪ್ಯೂಟರು 1024ರ ಲೆಕ್ಕದಲ್ಲಿ. ಅಷ್ಟರ ಮಟ್ಟಿಗಿನ ಕೊರತೆಗೆ ಅಂಗಡಿಯವರಲ್ಲಿ ಜಗಳ ಮಾಡುವಂತಿಲ್ಲ.

ಒಂದು ದೊಡ್ಡದರ ಬದಲು ಎರಡು ಸಣ್ಣದು ಎಂದು ನಾನು ಹೇಳುವುದಕ್ಕೆ ಕಾರಣ ಉಂಟು. ಕಾರ್ಡ್ ಮುನ್ಸೂಚನೆ ಕೊಟ್ಟು ಹಾಳಾಗುವುದಿಲ್ಲ. ನಿನ್ನೆ ಸರಿ ಇತ್ತು, ಇಂದು ಇಲ್ಲ. ದೊಡ್ಡ ಕಾರ್ಡ್ ಇದ್ದವರು ತುಂಬುವ ತನಕ ಖಾಲಿ ಮಾಡುವುದೂ ಇಲ್ಲ. ಎರಡು ವರ್ಷದ್ದು, ಮೂರು ವರ್ಷದ್ದು ಅದರಲ್ಲೇ. ಹೋದರೆ ಎಲ್ಲ ಒಟ್ಟಿಗೇ ಹೋಗುತ್ತದೆ. ಬೀಜದ ಅಡಿಕೆಯನ್ನು ಇಡೀ ಒಂದೇ ಪಾತಿಯಲ್ಲಿ ಹಾಕುವವರುಂಟೇ? ಒಂದು ಕ್ಯಾಮೆರಾದಲ್ಲಿರಲಿ, ಇನ್ನೊಂದು ಮನೆಯಲ್ಲಿರಲಿ. ತಿಂಗಳಿಗೊಮ್ಮೆ ಅದಲು ಬದಲು ಮಾಡಿ.

ವೇಗದ ಗುರುತುಗಳು

ಕಾರ್ಡಿನ ಮೈ ತುಂಬ ಗುರುತುಗಳಿವೆ, ಜಾತ್ರೆಯ ಅಂಗಡಿಯ ಹಾಗೆ. ಹೆಚ್ಚಿನದ್ದು ನಮಗೆ ಬೇಡ. ಸಿ ಅಕ್ಷರದ ಹೊಟ್ಟೆಯೊಳಗೆ 4, 6, 10 ಎಂದಿದ್ದರೆ ಸೆಕೆಂಡಿಗೆ ಕನಿಷ್ಠ ಅಷ್ಟು ಎಂಬಿ ಬರೆಯುತ್ತದೆ ಎಂದರ್ಥ. ಯು ಅಕ್ಷರದೊಳಗೆ 1 ಇದ್ದರೆ ಕನಿಷ್ಠ 10, 3 ಇದ್ದರೆ ಕನಿಷ್ಠ 30. ವಿ ಅಕ್ಷರದ ಮುಂದೆ ಇರುವ ಸಂಖ್ಯೆಯೂ ಅದೇ ಲೆಕ್ಕ, ವಿ30 ಎಂದರೆ 30. ಎ1, ಎ2 ಎನ್ನುವುದು ಮೊಬೈಲಿನಲ್ಲಿ ಆ್ಯಪ್ ಹಾಕುವವರಿಗೆ. ಕ್ಯಾಮೆರಾಕ್ಕೆ ಸಂಬಂಧ ಇಲ್ಲ.

ನಮ್ಮ ಫೋಟೋ 5 ಎಂಬಿ. ಹತ್ತರ ಕಾರ್ಡ್ ಅದನ್ನು ಅರ್ಧ ಸೆಕೆಂಡಿನಲ್ಲಿ ಬರೆದು ಮುಗಿಸುತ್ತದೆ. ವಿಡಿಯೋಕ್ಕೆ 3 ಎಂಬಿ ಸಾಕು ಎಂದು ಆಗಲೇ ನೋಡಿದೆವು. ಹಾಗಾಗಿ ಹತ್ತರದ್ದು ಬೇಕಾದಷ್ಟಾಯಿತು. 4ಕೆ ವಿಡಿಯೋ ತೆಗೆಯುವ ಹೊಸ ಕ್ಯಾಮೆರಾ ಇದ್ದವರು ಮಾತ್ರ ಯು3 ಅಥವಾ ವಿ30 ನೋಡಬೇಕು.

ಕಾರ್ಡಿನಲ್ಲಿ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ 100 ಎಂದೋ 150 ಎಂದೋ ಬರೆದಿರುತ್ತದಲ್ಲ, ಅದು ಸಾಮಾನ್ಯವಾಗಿ ಓದುವ ವೇಗ, ಬರೆಯುವುದರದ್ದಲ್ಲ. ಅದೂ ತಕ್ಕ ಯಂತ್ರದಲ್ಲಿ ಹಾಕಿದರೆ ಮಾತ್ರ ಸಿಗುವಂಥದ್ದು. ಹಿಂಬದಿಯಲ್ಲಿ ಚಿನ್ನದ ಬಣ್ಣದ ಪಟ್ಟಿಗಳು ಒಂದು ಸಾಲಿನ ಬದಲು ಎರಡು ಸಾಲು ಇರುವ ದುಬಾರಿ ಕಾರ್ಡೂ ಬರುತ್ತದೆ. ನಮ್ಮ ಸಾದಾ ಕ್ಯಾಮೆರಾಕ್ಕೆ ಎರಡನೆಯ ಸಾಲನ್ನು ಮುಟ್ಟಲಿಕ್ಕೇ ಗೊತ್ತಿಲ್ಲ. ಕೆರೆಗೆ 5 ಹೆಚ್‌ಪಿ ಪಂಪು ಇಟ್ಟು ಮುಕ್ಕಾಲು ಇಂಚಿನ ಪೈಪು ಎಳೆದ ಹಾಗೆ ಆಗುತ್ತದೆ.

ನಕಲಿಯ ಕತೆ

ನಿಜವಾದ ಅಪಾಯ ಇರುವುದು ಇಲ್ಲಿ. ನಮ್ಮ ನೆರೆಯವರೊಬ್ಬರು ಹಲಸಿನ ಹುಚ್ಚಿನವರು. ಊರಿನ ನಲವತ್ತು ಮರಗಳ ಹಣ್ಣನ್ನು ಕೊಯ್ದು, ತುಂಡು ಮಾಡಿ, ಸೊಳೆಯ ಬಣ್ಣ, ದಪ್ಪ, ಮಯಣ ಎಷ್ಟು ಎನ್ನುವುದನ್ನು ಫೋಟೋ ಸಮೇತ ದಾಖಲೆ ಮಾಡಲು ಹೊರಟಿದ್ದರು. ಒಳ್ಳೆಯ ಮರ ಆರಿಸಿ ಕಸಿ ಕಟ್ಟುವುದು ಉದ್ದೇಶ. ಹಬ್ಬದ ಮಾರಾಟದಲ್ಲಿ ತೀರಾ ಕಡಿಮೆ ಬೆಲೆಗೆ ಸಿಕ್ಕಿತೆಂದು 128 ಜಿಬಿಯ ಕಾರ್ಡ್ ತರಿಸಿಕೊಂಡರು. ಕ್ಯಾಮೆರಾ ಕಾರ್ಡನ್ನು ಒಪ್ಪಿತು. ಇನ್ನು ಇಪ್ಪತ್ತು ಸಾವಿರಕ್ಕೂ ಹೆಚ್ಚು ಫೋಟೋಕ್ಕೆ ಜಾಗ ಉಂಟು ಎಂದೂ ತೋರಿಸಿತು.

ಮಾರ್ಚಿನಿಂದ ಜೂನ್ ತನಕ ಎರಡೂವರೆ ಸಾವಿರದಷ್ಟು ಫೋಟೋ ತೆಗೆದರು. ತೆಗೆದ ಕೂಡಲೇ ಪರದೆಯಲ್ಲಿ ಚಂದವಾಗಿ ಕಾಣುತ್ತಿತ್ತು. ಮಳೆ ಹಿಡಿದ ಮೇಲೆ ಕಂಪ್ಯೂಟರಿಗೆ ಹಾಕಿ ನೋಡಿದರೆ ಮೊದಲ ಒಂದೂವರೆ ಸಾವಿರದ ತನಕ ಎಲ್ಲ ಸರಿ. ಆಮೇಲಿನವು ತೆರೆಯುವುದೇ ಇಲ್ಲ. ಕೆಲವು ಅರ್ಧ ಹಣ್ಣು, ಅರ್ಧ ಬೂದಿ ಬಣ್ಣ. ಹೆಸರುಗಳ ಪಟ್ಟಿ ಮಾತ್ರ ಕೊನೆತನಕ ಸರಿಯಾಗಿಯೇ ಇದೆ.

ಪರೀಕ್ಷೆ ಮಾಡಿದಾಗ ಗೊತ್ತಾಯಿತು. ಅದು 8 ಜಿಬಿಯ ಪತ್ತಾಯ. ಲೆಕ್ಕದವನಿಗೆ ಮಾತ್ರ "128 ಎಂದು ಹೇಳು" ಎಂದು ಯಾರೋ ಕಲಿಸಿಬಿಟ್ಟಿದ್ದಾರೆ. ಜಾಗ ಮುಗಿದ ಮೇಲೆ ಬಂದದ್ದನ್ನೂ ಅವನು "ಇಟ್ಟೆ" ಎನ್ನುತ್ತಾನೆ, ಹೆಸರು ಬರೆದುಕೊಳ್ಳುತ್ತಾನೆ, ವಸ್ತುವನ್ನು ಹೊರಗೆ ಚೆಲ್ಲುತ್ತಾನೆ. ಕೆಲವು ನಕಲಿಗಳಲ್ಲಿ ಮೊದಲು ಇಟ್ಟದ್ದರ ಮೇಲೆಯೇ ಹೊಸದನ್ನು ಸುರಿಯುತ್ತಾನೆ, ಆಗ ಹಳೆಯದೂ ಹೋಯಿತು. ತೆಗೆದ ಕೂಡಲೇ ಪರದೆಯಲ್ಲಿ ಕಾಣುವ ಚಿತ್ರ ಕಾರ್ಡಿನದ್ದಲ್ಲ, ಕ್ಯಾಮೆರಾ ತನ್ನ ಹೊಟ್ಟೆಯಲ್ಲಿ ಕ್ಷಣಕಾಲ ಇಟ್ಟುಕೊಂಡದ್ದು. ಹಾಗಾಗಿ ಮೂರು ತಿಂಗಳು ಯಾರಿಗೂ ಸುಳಿವು ಸಿಗಲಿಲ್ಲ. ಅಳಿಸಿದ ಫೋಟೋ ಮರಳಿ ತರುವ ತಂತ್ರಾಂಶಗಳಿವೆ, ಇಲ್ಲಿ ಅವೂ ನಿಷ್ಪ್ರಯೋಜಕ. ಬರೆಯದೇ ಇದ್ದದ್ದನ್ನು ಮರಳಿ ತರುವುದು ಹೇಗೆ?

ಹಣ್ಣು ತಿಂದಾಗಿತ್ತು, ಬೇಳೆ ಸಾಂಬಾರಾಗಿತ್ತು. ಇನ್ನು ಮುಂದಿನ ವರ್ಷ. ಆ ನಲವತ್ತರಲ್ಲಿ ಕೆಂಪು ಸೊಳೆಯ ಒಂದು ಮರ ಅದೇ ಜೂನ್ ಕೊನೆಯ ಗಾಳಿಗೆ ಬುಡ ಸಮೇತ ಮಗುಚಿಬಿತ್ತು. ಅದರ ಸೊಳೆ ಹೀಗಿತ್ತು ಹಾಗಿತ್ತು ಎಂದು ಈಗ ಬಾಯಿಮಾತು ಮಾತ್ರ ಉಳಿದಿದೆ. ಮಾರಿದವರಲ್ಲಿ ಕೇಳಿದರೆ ವಾಪಸು ಕೊಡುವ ದಿನ ಎಂದೋ ಮುಗಿದಿದೆ ಎಂದರಂತೆ.

ಆದ್ದರಿಂದ ಕಾರ್ಡ್ ತಂದ ದಿನವೇ ಪರೀಕ್ಷೆ ಮಾಡಿ. ಕಂಪ್ಯೂಟರ್ ಇದ್ದವರಿಗೆ ಎಚ್2ಟೆಸ್ಟ್‌ಡಬ್ಲ್ಯು ಎಂಬ ಪುಕ್ಕಟೆ ತಂತ್ರಾಂಶ ಉಂಟು, ಜರ್ಮನಿಯ ಒಂದು ಕಂಪ್ಯೂಟರ್ ಪತ್ರಿಕೆಯವರು ಮಾಡಿದ್ದು. ಲಿನಕ್ಸ್ ಬಳಸುವವರಿಗೆ ಎಫ್3. ಇವು ಮಾಡುವುದು ತುಂಬ ಸರಳ ಕೆಲಸ. ಕಾರ್ಡನ್ನು ಬಾಯಿತನಕ ತುಂಬಿಸಿ, ಮತ್ತೆ ತೆಗೆದು, ಹಾಕಿದ್ದೆಲ್ಲ ಹಾಗೇ ಉಂಟೋ ಎಂದು ಅಳೆದು ನೋಡುವುದು. 32 ಜಿಬಿಗೆ ಒಂದು, ಒಂದೂವರೆ ಗಂಟೆ ಹಿಡಿಯಬಹುದು. ಪರೀಕ್ಷೆಗೆ ಮೊದಲು ಕಾರ್ಡ್ ಖಾಲಿ ಇರಬೇಕು. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಪೇಟೆಯ ಡಿಟಿಪಿ ಅಂಗಡಿಯಲ್ಲಿ ಮಾಡಿಸಬಹುದು.

ಅದೂ ಬೇಡವೆಂದರೆ ಕ್ಯಾಮೆರಾದಲ್ಲೇ ಒಂದು ದಾರಿ ಉಂಟು. ಕ್ಯಾಮೆರಾವನ್ನು ಜಗಲಿಯಲ್ಲಿಟ್ಟು ಅಂಗಳದ ವಿಡಿಯೋ ಹಾಕಿಬಿಡಿ. ನಡುವೆ ನಿಂತರೆ ಪುನಃ ಒತ್ತಿ, ಬ್ಯಾಟರಿ ಮುಗಿದರೆ ಚಾರ್ಜ್ ಮಾಡಿ ಮುಂದುವರಿಸಿ. ಕಾರ್ಡ್ ತುಂಬಿತು ಎಂದು ಬರುವ ತನಕ. ಆಮೇಲೆ ಮೊದಲಿನದ್ದು, ನಡುವಿನದ್ದು, ಕೊನೆಯದ್ದು ಹಾಕಿ ನೋಡಿ. ಮೂರೂ ಸರಿಯಾಗಿ ಓಡಿದರೆ ಪತ್ತಾಯ ಹೇಳಿದಷ್ಟೇ ದೊಡ್ಡದು ಎಂದು ಧೈರ್ಯ ತಾಳಬಹುದು. ಅರ್ಧ ದಿನದ ಕೆಲಸ, ಆದರೆ ನೀವು ಕೂತು ಕಾಯಬೇಕಾಗಿಲ್ಲ.

ಕೊಳ್ಳುವಾಗಲೇ ಕೆಲವು ಲಕ್ಷಣ ನೋಡಬಹುದು. ಪೊಟ್ಟಣದ ಮೇಲೆ ಎಂಆರ್‌ಪಿ, ತಯಾರಕರ ಅಥವಾ ಆಮದು ಮಾಡಿದವರ ಹೆಸರು ವಿಳಾಸ, ತಿಂಗಳು ವರ್ಷ, ದೂರು ಹೇಳಲು ನಂಬರು ಇರಬೇಕೆಂದು 2011ರ ಪೊಟ್ಟಣ ಸರಕು ನಿಯಮ ಹೇಳುತ್ತದೆ. ಇದು ಯಾವುದೂ ಇಲ್ಲದೆ ಬರೀ ಪ್ಲಾಸ್ಟಿಕ್ ಲಕೋಟೆಯಲ್ಲಿ ಕೊಟ್ಟರೆ ತೆಗೆದುಕೊಳ್ಳಬೇಡಿ. ಇದ್ದರೂ ಪೂರ್ತಿ ನಂಬುವಂತಿಲ್ಲ, ಪೊಟ್ಟಣವನ್ನೂ ನಕಲು ಮಾಡುತ್ತಾರೆ. ಹೆಸರು ಕೇಳಿದ ಕಂಪನಿಯ ಕಾರ್ಡಿಗೇ ನಕಲಿ ಜಾಸ್ತಿ. ಯಾರಿಗೂ ಗೊತ್ತಿಲ್ಲದ ಹೆಸರನ್ನು ನಕಲು ಮಾಡಿ ಲಾಭ ಏನು? ನಾಲ್ಕು ಕಡೆ ವಿಚಾರಿಸಿದ ಬೆಲೆಯ ಅರ್ಧಕ್ಕೆ ಒಬ್ಬರು ಕೊಡುತ್ತಾರೆಂದರೆ ಅನುಮಾನ ಪಡಿ. ಬಿಲ್ಲು ಕೇಳಿ ಪಡೆಯಿರಿ.

ಸಣ್ಣ ಕಾರ್ಡೋ, ದೊಡ್ಡ ಕಾರ್ಡೋ

ಮೊಬೈಲಿನ ಉಗುರುಗಾತ್ರದ ಮೈಕ್ರೊ ಕಾರ್ಡನ್ನು ಹೊದಿಕೆಯೊಳಗೆ ಹಾಕಿ ಬಳಸಬಹುದು ಎಂದೆನಲ್ಲ, ಅದು ಬೇರೆ ಸಿಗದ ಹಳೆ ಕ್ಯಾಮೆರಾಕ್ಕೆ. ಉಳಿದವರು ಪೂರ್ತಿ ಗಾತ್ರದ ಕಾರ್ಡನ್ನೇ ಕೊಳ್ಳುವುದು ಒಳ್ಳೆಯದು. ಹೊದಿಕೆ ಎಂದರೆ ನಡುವೆ ಇನ್ನೊಂದು ಜಾಯಿಂಟ್. ಪೈಪ್‌ಲೈನಿನಲ್ಲಿ ಸೋರುವುದು ಎಲ್ಲಿ ಎಂದು ನಮಗೆ ಗೊತ್ತಿದೆ. ಮತ್ತೆ, ಆ ಉಗುರು ಗಾತ್ರದ್ದು ತೋಟದಲ್ಲಿ ಕೈಜಾರಿ ಸೋಗೆ, ದರಗಿನ ನಡುವೆ ಬಿದ್ದರೆ ಹುಡುಕಿಕೊಡುವ ದೇವರಿಲ್ಲ ಮಾರಾಯ್ರೆ.

ಕಾರ್ಡಿನ ಎಡ ಅಂಚಿನಲ್ಲಿ ಜಾರುವ ಪುಟ್ಟ ನಾಲಗೆ ಉಂಟು. ಕೆಳಗೆ ಜಾರಿಸಿದರೆ ಬೀಗ, ಕ್ಯಾಮೆರಾ ಬರೆಯುವುದಿಲ್ಲ. ಹಾಕುವಾಗ ತೆಗೆಯುವಾಗ ಅದು ತಾನಾಗಿ ಜಾರುವುದುಂಟು. "ಕಾರ್ಡ್ ಲಾಕ್" ಎಂದು ಬಂದರೆ ಮೊದಲು ಅದನ್ನು ಮೇಲೆ ದೂಡಿ ನೋಡಿ.

ಮಳೆಗಾಲ, ಮೈಲುತುತ್ತು ಮತ್ತು ಇತರ ಕಿರಿಕಿರಿ

ನಮ್ಮ ಕರಾವಳಿಯ ಜೂನ್‌ನಿಂದ ಸೆಪ್ಟೆಂಬರ್ ತನಕ ಯಾವ ಯಂತ್ರಕ್ಕೂ ಸುಖವಿಲ್ಲ. ಕಾರ್ಡ್ ಕ್ಯಾಮೆರಾದಷ್ಟು ನಾಜೂಕು ಅಲ್ಲ, ಚಲಿಸುವ ಭಾಗ ಅದರೊಳಗೆ ಇಲ್ಲವೇ ಇಲ್ಲ. ಕಾಪಾಡಬೇಕಾದ್ದು ಹಿಂಬದಿಯ ಚಿನ್ನದ ಬಣ್ಣದ ಪಟ್ಟಿಗಳನ್ನು. ಬೋರ್ಡೋ ಬಿಡುವ ದಿನ ಮೈಲುತುತ್ತು, ಸುಣ್ಣ ಮೆತ್ತಿದ ಕೈಯಲ್ಲಿ ಕಾರ್ಡ್ ಮುಟ್ಟಲೇಬೇಡಿ. ಆ ಪಟ್ಟಿಗಳಿಗೆ ಬೆರಳ ಬೆವರೂ ಆಗದು. ಕ್ಯಾಮೆರಾ ಮತ್ತು ಎರಡನೆಯ ಕಾರ್ಡನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಟ್ಟಿಗೆ ಇಡಿ. ಜೆಲ್ ಬದಲು ಅಕ್ಕಿ ಹಾಕುವವರಿದ್ದಾರೆ. ಅಕ್ಕಿಯ ಹುಡಿ ಕ್ಯಾಮೆರಾದ ಸಂದಿಗೆ ಸೇರುತ್ತದೆ, ಬೇಡ.

ಹೊಸ ಕಾರ್ಡನ್ನು ಪರೀಕ್ಷೆ ಮುಗಿದ ಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಕಂಪ್ಯೂಟರಿನಲ್ಲಲ್ಲ. ಕ್ಯಾಮೆರಾ ತನಗೆ ಬೇಕಾದಂತೆ ಖಾನೆಗಳನ್ನು ಮಾಡಿಕೊಳ್ಳುತ್ತದೆ. ಕಾರ್ಡಿನೊಳಗಿನ ಡಿಸಿಐಎಂ ಎಂಬ ಕಪಾಟಿನ ಹೆಸರನ್ನಾಗಲಿ, ಅದರೊಳಗಿನ ಹೆಸರುಗಳನ್ನಾಗಲಿ ಕಂಪ್ಯೂಟರಿನಲ್ಲಿ ಬದಲಿಸಿದರೆ ಕ್ಯಾಮೆರಾ ಆ ಫೋಟೋಗಳನ್ನು ಗುರುತು ಹಿಡಿಯಲಿಕ್ಕಿಲ್ಲ. ನಕಲು ಮಾಡಿಕೊಂಡ ಮೇಲೆ ಕಂಪ್ಯೂಟರಿನಲ್ಲಿ ಬೇಕಾದ ಹೆಸರಿಡಿ. ಕ್ಯಾಮೆರಾದ ಸಣ್ಣ ದೀಪ ಮಿಣುಕುತ್ತಿರುವಾಗ ಕಾರ್ಡ್ ಎಳೆಯಬಾರದು, ಬ್ಯಾಟರಿ ಬಾಗಿಲು ತೆಗೆಯಬಾರದು. ಲೆಕ್ಕದವ ಬರೆಯುತ್ತಿರುವಾಗ ಪುಸ್ತಕ ಕಿತ್ತುಕೊಂಡರೆ ಹಿಂದಿನ ಲೆಕ್ಕವೂ ಹಾಳು.

ಮಕ್ಕಳ ಕೈಯಲ್ಲಿ ಎಲ್ಲ ಅಳಿಸಿಹೋಯಿತು ಎಂದುಕೊಳ್ಳಿ. ಗಾಬರಿ ಬೇಡ, ಆದರೆ ಆ ಕಾರ್ಡಿನಲ್ಲಿ ಇನ್ನೊಂದು ಫೋಟೋವನ್ನೂ ತೆಗೆಯಬೇಡಿ. ಹೊರಗೆ ತೆಗೆದು, ಬೀಗದ ನಾಲಗೆ ಜಾರಿಸಿ ಇಟ್ಟುಬಿಡಿ. ಅಳಿಸುವುದೆಂದರೆ ಹೆಚ್ಚಾಗಿ ಲೆಕ್ಕದ ಚೀಟಿ ಹರಿದ ಹಾಗೆ. ಭತ್ತ ಪತ್ತಾಯದಲ್ಲೇ ಇರುತ್ತದೆ. ಮೇಲಿಂದ ಹೊಸ ಭತ್ತ ಸುರಿದರೆ ಮಾತ್ರ ಹೋಯಿತು. ಫೋಟೊರೆಕ್ ಎಂಬ ಪುಕ್ಕಟೆ ತಂತ್ರಾಂಶದಿಂದ ಹೀಗೆ ಅಳಿಸಿದ ಫೋಟೋಗಳನ್ನು ಹೆಚ್ಚಾಗಿ ಮರಳಿ ಪಡೆಯಬಹುದು. ಹೆಸರು ಬದಲಾಗಿರುತ್ತದೆ, ಚಿತ್ರ ಸಿಗುತ್ತದೆ.

ಕಾರ್ಡ್ ಅಟ್ಟ ಅಲ್ಲ, ಕೊಯ್ಲಿನ ಬುಟ್ಟಿ. ಬುಟ್ಟಿಯಲ್ಲೇ ವರ್ಷಗಟ್ಟಲೆ ಇಟ್ಟರೆ ಆಗುವುದಿಲ್ಲ. ಚಿಪ್ಪಿನೊಳಗಿನ ವಿದ್ಯುತ್ ಕಣಗಳು ನಿಧಾನಕ್ಕೆ ಸೋರುತ್ತವೆ, ಹಲವು ವರ್ಷ ಮುಟ್ಟದೆ ಇಟ್ಟ ಕಾರ್ಡಿನ ಮೇಲೆ ಭರವಸೆ ಇಡುವಂತಿಲ್ಲ. ತಿಂಗಳಿಗೊಮ್ಮೆ ಕಂಪ್ಯೂಟರಿಗೂ ಇನ್ನೊಂದು ಹಾರ್ಡ್ ಡಿಸ್ಕಿಗೂ ನಕಲು ಮಾಡಿ. ಕಂಪ್ಯೂಟರ್ ಇಲ್ಲದವರು ಮೊಬೈಲಿಗೆ ಚುಚ್ಚುವ ಕಾರ್ಡ್ ರೀಡರ್ ತಂದರೆ ಫೋಟೋಗಳನ್ನು ಮೊಬೈಲಿಗೇ ಇಳಿಸಬಹುದು, ಅಲ್ಲಿಂದ ಪೆನ್‌ಡ್ರೈವಿಗೆ. ನಕಲು ಮಾಡಿದ್ದನ್ನು ನಾಲ್ಕಾರು ತೆರೆದು ನೋಡಿ, ಆಮೇಲಷ್ಟೇ ಕಾರ್ಡ್ ಖಾಲಿ ಮಾಡಿ. ಅಂದ ಹಾಗೆ ಕ್ಯಾಮೆರಾದ ತಾರೀಕು ಸರಿ ಉಂಟೋ ನೋಡಿಕೊಳ್ಳಿ. ಬ್ಯಾಟರಿ ಬಹುಕಾಲ ಖಾಲಿ ಇದ್ದ ಹಳೆ ಕ್ಯಾಮೆರಾಗಳು ತಾರೀಕು ಮರೆತು ಹಲವು ವರ್ಷ ಹಿಂದಕ್ಕೆ ಹೋಗಿರುತ್ತವೆ. ಕೊಳೆರೋಗ ಜುಲೈಯಲ್ಲಿ ಬಂತೋ ಆಗಸ್ಟಿನಲ್ಲೋ ಎಂದು ಮುಂದೆ ನೋಡುವಾಗ ತಾರೀಕೇ ಮುಖ್ಯ.

ಅಂಗಡಿಗೆ ಹೋಗುವಾಗ ಬ್ಯಾಟರಿ ತುಂಬಿಸಿ ಕ್ಯಾಮೆರಾವನ್ನೇ ಕೊಂಡುಹೋಗಿ. "16 ಅಥವಾ 32 ಜಿಬಿ, ಎಸ್‌ಡಿಹೆಚ್‌ಸಿ, ಹತ್ತರ ಕ್ಲಾಸ್, ದೊಡ್ಡ ಗಾತ್ರದ್ದು, ಎರಡು ಕೊಡಿ" ಎಂದು ಕೇಳಿ. 2006ಕ್ಕಿಂತ ಹಳೆಯ ಕ್ಯಾಮೆರಾವಾದರೆ 2 ಜಿಬಿ ಎಂದು ಹೇಳಿ. ಪೊಟ್ಟಣ ಬಿಚ್ಚಿ ಅಲ್ಲೇ ಹಾಕಿಸಿ, ಅಂಗಡಿಯವರದ್ದೇ ಒಂದು ಫೋಟೋ ತೆಗೆಯಿರಿ. ಕ್ಯಾಮೆರಾ ಆರಿಸಿ, ಪುನಃ ಹಚ್ಚಿ, ಆ ಫೋಟೋ ಬರುತ್ತದೋ ನೋಡಿ. ತಳಿ ಹೊಂದುತ್ತದೋ ಇಲ್ಲವೋ ಎನ್ನುವುದು ಅಲ್ಲೇ ತೀರ್ಮಾನ ಆಗುತ್ತದೆ. ತುಂಬಿಸಿ ನೋಡುವ ಪರೀಕ್ಷೆ ಮನೆಗೆ ಬಂದ ರಾತ್ರಿಗೆ.